ಥ್ರೋಬಾಲಿನ ಶನಿವಾರ

ಕಿಟಕಿಯಿಂದ ತೇಲಿ ಬಂದದ್ದು ಮಲ್ಲಿಗೆಯಲ್ಲ, ಕಾಫಿ ಹೂವು, ಹೊಳೆಯಾಚೆಯ ತೋಟದಲ್ಲಿ ಹೂವಾಗಿದೆ ಅಂದರೆ ಅಲ್ಲಿ ಸ್ಪ್ರಿಂಕ್ಲರ್ ಹೊಡೆದು ವಾರ ಕಳೆದಿದೆ, ಅಂದರೆ ಈಚೆಯವರೂ ಈಗ ಹೊಡೆಯಲು ಹೊರಟಿರುತ್ತಾರೆ, ಪೈಪು ಸೋರುತ್ತೆ, ವಾಷರ್ ಹೋಗಿದೆ ಅಂತ ಪಂಪು ರಿಪೇರಿ ಅಂಗಡಿಯ ಮುಂದೆ ಜೀಪುಗಳು ನಿಂತಿರುತ್ತವೆ, ಅಂದರೆ ಇವತ್ತೂ ರಾಜಶೇಖರ ಅಂಗಡಿ ಬಿಟ್ಟು ಅಲ್ಲಾಡುವುದಿಲ್ಲ — ಉಪ್ಪಿಟ್ಟಿಗೆ ರವೆ ಹುರಿಯುತ್ತಿದ್ದ ದ್ರಾಕ್ಷಾಯಣಿ ಒಂದು ವಾಸನೆಯ ಹಿಂದೆ ಗಂಡನ ಅಂಗಡಿಯ ತನಕ ಹೋಗಿ ವಾಪಸು ಬರುವಷ್ಟರಲ್ಲಿ ರವೆ ಒಂದು ಕಡೆ ಕೆಂಪಾಗಿತ್ತು. ಇರಲಿ, ಯಾರೂ ನೋಡುವುದಿಲ್ಲ, ಮಗಳು ಮಾನಸಾ ಪುಸ್ತಕ ನೋಡಿಕೊಂಡೇ ತಿನ್ನುತ್ತಾಳೆ, ಸೋಮವಾರ ಅವಳಿಗೆ ಗಣಿತದ ಪ್ರಿಪರೇಟರಿ, ಹತ್ತನೇ ಕ್ಲಾಸಿನ ಹುಡುಗಿಗೆ ನಿದ್ದೆಯಲ್ಲೂ ಪ್ರಮೇಯ. ಗ್ಯಾಸ್ ಇವತ್ತೋ ನಾಳೆಯೋ ಮುಗಿಯುತ್ತದೆ, ಸಿಲಿಂಡರಿನವನು ಇನ್ನೂ ಬಂದಿಲ್ಲ, ಕೆಲಸದ ಭೂತಮ್ಮನೂ ಬಂದಿಲ್ಲ. ಭೂತಮ್ಮ ಬರುವುದೂ ಇಲ್ಲ, ಆನೇಮಹಲಿನಲ್ಲಿ ಅವಳ ಮಗಳಿಗೆ ಹೆರಿಗೆ ನೋವು, ನಿನ್ನೆ ಸಂಜೆಯೇ ಸೆರಗಿನಲ್ಲಿ ಮುಖ ಒರೆಸಿಕೊಂಡು ಹೇಳಿ ಹೋದಳಲ್ಲ, ಅವ್ವಾರೆ, ನಾಳೆ ಅಜ್ಜಮ್ಮನ ಹತ್ರ ಕೂರಾಕೆ ಆಗಕಿಲ್ಲ, ಬೇಜಾರ್ ಮಾಡ್ಕಬ್ಯಾಡಿ. ಬೇಜಾರು ಹೇಗೆ ಮಾಡಿಕೊಳ್ಳುವುದು, ಮೊದಲ ಹೆರಿಗೆ, ತಾಯಿ ಹತ್ತಿರ ಇರಬೇಡವೇ, ಆದರೆ ಅದಕ್ಕೆ ಈ ಶನಿವಾರವೇ ಆಗಬೇಕಿತ್ತೇ.

ಅತ್ತೆ ನಾಗರತ್ನಮ್ಮ ಆಗಲೇ ಮಿಂದು ವಿಭೂತಿ ಹಚ್ಚಿಕೊಂಡು ಅಡುಗೆಮನೆಯ ಹೊಸ್ತಿಲಲ್ಲಿ ನಿಂತಿದ್ದಾರೆ, ಯಾರ್ ಮನೆಯೋಳವ್ವಾ ನೀನು, ಬೆಳಬೆಳಗ್ಗೇನೆ ಬಂದು ಒಲೆ ಹಚ್ಚಿದ್ದೀಯ. ದೀಪಾವಳಿಯಿಂದ ದಿನಾ ಇದೇ ಮಾತು, ಮೊದಮೊದಲು ನಾನು ನಿಮ್ಮ ಸೊಸೆ ಅತ್ತೆ, ದ್ರಾಕ್ಷಾಯಣಿ ಎಂದು ಹೇಳಿ ಹೇಳಿ ಅಳು ಬರುತ್ತಿತ್ತು, ಈಗ ಪಕ್ಕದ ಮನೆಯೋಳು, ಕಾಫಿ ಕೊಡೋಣ ಅಂತ ಬಂದೆ ಅನ್ನುತ್ತಾಳೆ, ಅತ್ತೆ ಸಮಾಧಾನದಿಂದ ಲೋಟ ಹಿಡಿದು ಕೂರುತ್ತಾರೆ. ಹಾಸನದ ಡಾಕ್ಟರು ಹೇಳಿದ್ದೂ ಅಷ್ಟೇ, ಇದು ವಾಸಿಯಾಗೋದಲ್ಲ, ಜೊತೆಗೆ ಒಬ್ಬರು ಇದ್ದರೆ ಸಾಕು — ಒಬ್ಬರು ಎಂದರೆ ಯಾರು ಅಂತ ಡಾಕ್ಟರು ಹೇಳಲಿಲ್ಲ, ರಾಜಶೇಖರನೂ ಕೇಳಲಿಲ್ಲ, ಬಸ್ಸಿನಲ್ಲಿ ಅತ್ತೆಯ ತಲೆ ಅವಳ ಹೆಗಲ ಮೇಲೆ ಒರಗಿತ್ತು, ಕೇಳುವ ಅಗತ್ಯವೇ ಬೀಳಲಿಲ್ಲ. ಮೊನ್ನೆ ಮಂಗಳವಾರ ಸೋಪಿನ ಪುಡಿ ತರಲು ಎದುರಿನ ಅಂಗಡಿಗೆ ಹೋಗಿ ಬರುವಷ್ಟರಲ್ಲಿ ಜಗುಲಿ ಖಾಲಿ, ಚಪ್ಪಲಿ ಅಲ್ಲೇ ಇದೆ, ಅತ್ತೆ ಇಲ್ಲ, ಸೇತುವೆಯ ಕಡೆ ಓಡಿದಳು, ಹೊಳೆಯ ನೀರು ನೋಡಲು ಧೈರ್ಯವಿಲ್ಲ, ನೋಡದೆ ಇರಲೂ ಆಗುವುದಿಲ್ಲ. ಅಷ್ಟರಲ್ಲಿ ಜವರಪ್ಪನ ಆಟೋ ಬಂತು, ಹಿಂದಿನ ಸೀಟಿನಲ್ಲಿ ಅತ್ತೆ ಮದುಮಗಳ ಹಾಗೆ ತಲೆ ತಗ್ಗಿಸಿ ಕುಳಿತಿದ್ದಾರೆ, ಅಕ್ಕಾ, ಅಮ್ಮೋರು ಬಸ್ ಸ್ಟ್ಯಾಂಡಲ್ಲಿ ಹೊಸಕೋಟೆ ಬಸ್ ಯಾವಾಗ ಅಂತ ಕೇಳ್ತಾ ನಿಂತಿದ್ರು ಕಣಕ್ಕಾ, ಅವ್ವ ರಾಗಿ ಬೀಸಾಕೆ ಕರ್ದವ್ಳೆ ಅಂತಾರೆ. ಹೊಸಕೋಟೆ ಅತ್ತೆಯ ತವರು, ಅವರ ಅವ್ವ ಹೋಗಿ ಎಷ್ಟು ಕಾಲವಾಯಿತು, ಬೀಸುವ ಕಲ್ಲೂ ಈಗ ಆ ಮನೆಯಲ್ಲಿ ಇಲ್ಲ. ಆ ದಿನ ಸಂಜೆ ಅವಳು ಥ್ರೋಬಾಲ್ ಆಡಲು ಹೋಗಲಿಲ್ಲ, ಬುಧವಾರವೂ ಹೋಗಲಿಲ್ಲ, ಗೋಡೆಯಾಚೆಯಿಂದ ಸೌಜನ್ಯ ಕರೆದಳು, ಅಕ್ಕಾ, ಶನಿವಾರ ಫೈನಲ್ ಕಣಕ್ಕಾ, ನೀವಿಲ್ದೆ ಮಧ್ಯದಲ್ಲಿ ಯಾರ್ ನಿಲ್ತಾರೆ.

ಪಕ್ಕದ ಮನೆಯ ಈ ಸೌಜನ್ಯ ಟೀಚರೇ ನಾಲ್ಕು ವರ್ಷದ ಹಿಂದೆ ಅವಳನ್ನು ಮಹಿಳಾ ಸಮಾಜದ ಥ್ರೋಬಾಲಿಗೆ ಎಳೆದುಕೊಂಡು ಹೋದದ್ದು. ಹೈಸ್ಕೂಲಿನಲ್ಲಿ ಆಡಿದ್ದು ಬಿಟ್ಟರೆ ಮದುವೆಯಾದ ಮೇಲೆ ಚೆಂಡು ಮುಟ್ಟಿರಲಿಲ್ಲ, ಮೊದಲ ದಿನ ಸೀರೆ ಎತ್ತಿ ಸಿಕ್ಕಿಸುವುದಕ್ಕೇ ನಾಚಿಕೆ, ಎರಡನೆಯ ದಿನ ಚೆಂಡು ಎರಡೂ ಅಂಗೈಗೆ ಬಂದು ಬಡಿದಾಗ ಚುರುಕ್ ಎಂದಿತಲ್ಲ, ಆ ಉರಿ ಹಿತವಾಗಿತ್ತು, ಚೆಂಡು ಕೈಯಲ್ಲಿರುವ ಆ ಒಂದು ಉಸಿರಿನ ಹೊತ್ತು ಗ್ಯಾಸಿಲ್ಲ, ಪರೀಕ್ಷೆಯಿಲ್ಲ, ಯಾರ ಮನೆಯೋಳು ಎಂಬ ಪ್ರಶ್ನೆಯೂ ಇಲ್ಲ. ಇದನ್ನು ಯಾರಿಗೆ ಹೇಳುವುದು, ಹೇಳಿದರೆ ನಗುತ್ತಾರೆ, ಇಷ್ಟು ವಯಸ್ಸಿನಲ್ಲಿ ಚೆಂಡಾಟ. ರಾಜಶೇಖರ ನಗುವವನಲ್ಲ, ಒಳ್ಳೆಯವನು, ಸುಸ್ತಾದ ಒಳ್ಳೆಯವನು, ಈಗಲೂ ಉಪ್ಪಿಟ್ಟು ತಿಂದು ಕೈತೊಳೆದು ಟವೆಲಿನಲ್ಲಿ ಒರೆಸುತ್ತಾ ನಿಂತ, ಒರೆಸಿದ ಕೈಯನ್ನೇ ಮತ್ತೆ ಒರೆಸಿದ. ಹೊರಗಡೆಯಿಂದ ಚಿಲಕ ಹಾಕ್ಬುಟ್ಟು ಹೋಗು ಮಾರಾಯ್ತಿ, ಒಂದ್ ಗಳಿಗೆ ತಾನೆ, ಎಂದ. ಚಿಲಕಾನಾ, ಎಂದಳು. ಇನ್ನೇನ್ ಮಾಡದು, ಮಾನಸಂಗೆ ಟ್ಯೂಶನ್ನು, ನಾನ್ ಅಂಗಡಿ ಬಿಡಂಗಿಲ್ಲ, ನೀನ್ ಆಟಾನೂ ಬಿಡಬ್ಯಾಡ, ಅಮ್ಮಂಗೆ ಏನ್ ಗೊತ್ತಾಯ್ತದೆ. ಹೇಳುವಾಗ ಅವನು ಅವಳ ಮುಖ ನೋಡಲಿಲ್ಲ, ಅಮ್ಮನ ಮುಖವನ್ನಂತೂ ನೋಡಲೇ ಇಲ್ಲ, ಚಿಲಕವನ್ನು ನೋಡುತ್ತಿದ್ದ. ಗೊತ್ತಾಗುತ್ತದೆ ಕಣ್ರೀ, ಬಾಗಿಲು ತಳ್ಳಿದರೆ ತೆಗೆಯುವುದಿಲ್ಲ ಎಂಬುದು ಯಾರಿಗಾದರೂ ಗೊತ್ತಾಗುತ್ತದೆ, ಎಂದುಕೊಂಡಳು, ಬಾಯಲ್ಲಿ ಮಾತ್ರ, ಆಯ್ತು ಹೋಗಿ, ನಾನ್ ನೋಡ್ಕತೀನಿ ಅಂದಳು. ನೋಡ್ಕತೀನಿ, ನೋಡ್ಕತೀನಿ, ವಾರವಿಡೀ ಈ ಮಾತು ಹೇಳಿ ಹೇಳಿ ನಾಲಿಗೆ ಸವೆದಿದೆ, ಒಂದು ಸಲ, ಒಂದೇ ಒಂದು ಸಲ ಬೇರೆ ಯಾರಾದರೂ ಹೇಳಬಾರದೇ.

ಮಧ್ಯಾಹ್ನ ಅತ್ತೆಗೆ ಹಸಿರು ಅಂಚಿನ ಸೀರೆ ಉಡಿಸಿ, ತಲೆ ಬಾಚಿ, ಎಲ್ಲಿಗವ್ವಾ, ಹೊಸಕೋಟೆಗಾ, ಅಲ್ಲ ಅತ್ತೆ, ಇಲ್ಲೇ ಆಟ ನೋಡಕ್ಕೆ, ಜವರಪ್ಪನ ಆಟೋದಲ್ಲಿ ಮೈದಾನಕ್ಕೆ ಕರೆತಂದಳು. ಗೆರೆಯಿಂದ ಸ್ವಲ್ಪ ದೂರ ಮರದ ಕೆಳಗೆ ಜಮಖಾನ ಹಾಸಿ ಕೂರಿಸಿದಳು, ಪಕ್ಕದಲ್ಲಿ ಸಮಾಜದ ಅಧ್ಯಕ್ಷೆ ರಾಜಲಕ್ಷ್ಮಮ್ಮ ಕುಳಿತರು, ನೀ ಹೋಗಮ್ಮ, ನಾನಿದೀನಲ್ಲ ಎಂದವರು ಬಹುಮಾನದ ಡಬ್ಬಿಗಳನ್ನು ಜೋಡಿಸಲು ಆಗಲೇ ಎದ್ದು ಹೋದರು. ಎದುರಿಗೆ ಆಲೂರಿನ ತಂಡ, ಅವರ ನಾಯಕಿ ಗಂಗಾಮಣಿ ಗಟ್ಟಿ ಹೆಂಗಸು, ಅವಳು ಎಸೆದರೆ ಚೆಂಡು ಸುಯ್ಯೆನ್ನುತ್ತದೆ. ಮೊದಲ ಆಟ ಅವರದು, ಎರಡನೆಯದು ನಮ್ಮದು, ದ್ರಾಕ್ಷಾಯಣಿ ಹಿಡಿಯುತ್ತಾಳೆ, ಎಸೆಯುತ್ತಾಳೆ, ಒಂದು ಕಣ್ಣು ಚೆಂಡಿನ ಮೇಲೆ, ಒಂದು ಕಣ್ಣು ಜಮಖಾನದ ಮೇಲೆ, ಅತ್ತೆ ಇದ್ದಾರೆ, ಹಿಡಿದಳು, ಇದ್ದಾರೆ, ಎಸೆದಳು, ಎದ್ದರೋ, ಇಲ್ಲ, ಸೆರಗು ಸರಿಮಾಡಿಕೊಂಡರು. ಕೊನೆಯ ಆಟದಲ್ಲಿ ಸಮ ಸಮ ಬಂದು ನಿಂತಾಗ ಗಂಗಾಮಣಿಯ ಎಸೆತ ಗೆರೆ ದಾಟಿ ಹೊರಗೆ ಬಿತ್ತು, ಪಾಯಿಂಟ್ ನಮ್ಮದು, ಸೌಜನ್ಯ ಕುಣಿದಳು, ಇನ್ನೊಂದು ಬಂದರೆ ಕಪ್ ನಮ್ಮದೇ. ಚೆಂಡು ಉರುಳುತ್ತಾ ಉರುಳುತ್ತಾ ಹೋಗಿ ಜಮಖಾನದ ಅಂಚಿಗೆ ತಾಗಿ ನಿಂತಿತು, ಅತ್ತೆ ಅದನ್ನು ಎರಡೂ ಕೈಯಲ್ಲಿ ಎತ್ತಿಕೊಂಡರು, ಮಡಿಲಲ್ಲಿಟ್ಟುಕೊಂಡು ಸೆರಗು ಹೊದಿಸಿದರು.

ಅಜ್ಜಿ, ಬಾಲ್ ಕೊಡಿ, ಎಂದು ಓಡಿಹೋದ ಸೌಜನ್ಯಳಿಗೆ ಅತ್ತೆ ತುಟಿಯ ಮೇಲೆ ಬೆರಳಿಟ್ಟು ತೋರಿಸಿದರು, ಶ್. ಜನ ನಕ್ಕರು, ಪಿ.ಟಿ. ಮೇಷ್ಟ್ರು ಪೀಪಿ ಊದಿದರು, ಆ ಸದ್ದಿಗೆ ಅತ್ತೆ ಚೆಂಡಿನ ಒಂದು ಪಕ್ಕವನ್ನು ಅಂಗೈಯಿಂದ ಮುಚ್ಚಿದರು, ಅಲ್ಲಿ ಕಿವಿ ಇದೆಯಲ್ಲ. ದ್ರಾಕ್ಷಾಯಣಿ ನಡೆದುಹೋದಳು, ಕೆನ್ನೆ ಬಿಸಿ, ಕಿತ್ತುಕೊಂಡುಬಿಡೋಣ, ಒಂದೇ ಪಾಯಿಂಟು, ಮಂಡಿಯೂರಿ ಕೈ ಚಾಚಿದಳು, ಅತ್ತೆ, ಕೊಡಿ ಅತ್ತೆ. ಮೆಲ್ಲಗ್ ಮಾತಾಡವ್ವಾ, ಈಗಷ್ಟೇ ಕಣ್ಣು ಮುಚ್ಚೈತೆ ಮಗ. ಅತ್ತೆ ಅವಳ ಬೆವೆತ ಮುಖವನ್ನು, ಸಿಕ್ಕಿಸಿದ ಸೀರೆಯನ್ನು ನೋಡಿದರು, ಗುರುತು ಹತ್ತಲಿಲ್ಲ, ಆದರೂ ಕನಿಕರದಿಂದ ಅಂದರು, ಶಾನೆ ಸುಸ್ತಾಗಿದ್ದೀಯ, ನಿಂಗೆ ಕೆಲ್ಸ ಇರ್ತದೆ, ಹೋಗು, ಮಗೀನ ನಾನ್ ನೋಡ್ಕತೀನಿ. ಇದೇ ಮಾತು — ಮಾನಸಾ ಹಸುಗೂಸಾಗಿದ್ದಾಗ, ಹೊಟ್ಟೆನೋವಿಗೆ ಕಿರುಚಿ ಕಿರುಚಿ ಮೈ ನೀಲಿಯಾಗುತ್ತಿದ್ದಾಗ, ಇದೇ ಕೈ ಅವಳ ತೋಳಿನಿಂದ ಮಗುವನ್ನು ಎತ್ತಿಕೊಂಡಿತ್ತು, ಹೋಗವ್ವಾ, ನೀನ್ ಸ್ವಲ್ಪ ಮಲಿಕ್ಕ, ನಾನ್ ನೋಡ್ಕತೀನಿ, ಆ ದಿನ ಅವಳು ಬಿದ್ದ ಕಡೆಯೇ ನಿದ್ದೆ ಹೋಗಿದ್ದಳು. ಚಾಚಿದ ಕೈ ಹಾಗೇ ನಿಂತಿತು. ಹಿಂದೆ ಗಂಗಾಮಣಿ ಬಂದು ನಿಂತದ್ದು ತಿಳಿಯಲಿಲ್ಲ, ಇರ್ಲಿ ಬುಡಿ ಅಕ್ಕ, ಮಗ ಮಲಗ್ಲಿ, ಹಳೇ ಚೆಂಡಲ್ಲೇ ಆಡಾಣ.

ಪಿ.ಟಿ. ಮೇಷ್ಟ್ರ ಚೀಲದಿಂದ ಗಾಳಿ ಇಳಿದ ಹಳೆಯ ಚೆಂಡು ಬಂತು, ಆಟ ನಡೆಯಿತು, ಕೈಗೆ ಬಂದದ್ದನ್ನು ದ್ರಾಕ್ಷಾಯಣಿಯೇ ಬಿಟ್ಟಳು, ಆಲೂರಿನವರು ಗೆದ್ದರು, ಸೌಜನ್ಯ ಅತ್ತಳು, ಗಂಗಾಮಣಿ ಎಲ್ಲರನ್ನೂ ತಬ್ಬಿದಳು. ರಾಜಶೇಖರ ಯಾವಾಗ ಬಂದನೋ, ಅಂಗಡಿಯ ಶಟರ್ ಅರ್ಧ ಎಳೆದು ಬಂದಿರಬೇಕು, ಕೈಯೆಲ್ಲ ಗ್ರೀಸು, ಜಮಖಾನದ ಮೇಲೆ ಅಮ್ಮನ ಪಕ್ಕ ಕುಳಿತಿದ್ದಾನೆ, ಮನೆಗ್ ಹೋಗಿದ್ದೆ, ಚಿಲಕ ಹಾಕಿರ್ಲಿಲ್ಲ, ಒಳಗೆ ಯಾರೂ ಇರ್ಲಿಲ್ಲ, ಎದೆ ಹಾರೋಯ್ತು ಕಣೆ, ಎಂದ, ಅಮ್ಮ ಅವನಿಗೂ ಶ್ ಎಂದರು. ಅವಳು ಅತ್ತೆಯ ಆಚೆ ಬದಿಗೆ ಕುಳಿತಳು, ಅಂಗೈ ಇನ್ನೂ ಉರಿಯುತ್ತಿದೆ, ಗ್ಯಾಸಿನವನಿಗೆ ಹೇಳಬೇಕು, ಸೋಮವಾರ ಗಣಿತ, ಭೂತಮ್ಮನ ಮಗಳಿಗೆ ಏನಾಯಿತೋ, ಗಂಡೋ ಹೆಣ್ಣೋ, ನಾಳೆ — ಸೆರಗಿನ ಕೆಳಗೆ ಚೆಂಡು, ಮೇಲೆ ಅತ್ತೆಯ ಕೈ, ಮೆಲ್ಲಗೆ ತಟ್ಟುತ್ತಿದೆ, ನಾಳೆ ಹಿಟ್ಟಿಗೆ ಅಕ್ಕಿ ನೆನೆಹಾಕಬೇಕು, ಮಾನಸಾಗೆ — ಸಡಿಲವಾದ ಬಳೆ ಜಾರುತ್ತದೆ, ಕೈ ತಟ್ಟುತ್ತದೆ, ಮಾನಸಾಗೆ ಏನೋ, ಏನೋ ತರಬೇಕಿತ್ತು — ಆ ಕೈ, ತಟ್ಟುತ್ತಿರುವ ಆ ಕೈ…