ನಾಲ್ಕನೇ ಷರತ್ತು

ಬೋರ್ಡಿನ ಮೇಲೆ ಸೊಂಟ ಬಳುಕಿಸಿಕೊಂಡು ನಿಂತ ಆ ಕಂಸ, ಟೀಚರಮ್ಮನ ಬಾಯಲ್ಲಿ ಬ್ರ್ಯಾಕೆಟ್ಟು, ಇನ್ನೂ ಮುಚ್ಚಿಲ್ಲ, ಟೀಚರಮ್ಮ ಮಾತಿನ ಭರದಲ್ಲಿ ಮರೆತಿದ್ದಾಳೆ, ತೆರೆದದ್ದನ್ನು ಹಾಗೇ ಬಿಟ್ಟರೆ ಚಕ್ರಪ್ಪನಿಗೆ ಒಳಗೊಳಗೇ ಕಿರಿಕಿರಿ, ಮೂವತ್ತೆರಡು ವರ್ಷ ಕಾಲುವೆಯ ಗೇಟು ತೆರೆದು ಮುಚ್ಚಿದ ಕೈ ಅವನದು, ಕಬ್ಬಿಣದ ಚಕ್ರ ತಿರುಗಿಸಿ ತಿರುಗಿಸಿಯೇ ಚಕ್ರಪ್ಪ ಅನ್ನುವ ಹೆಸರು ಮೆತ್ತಿಕೊಂಡದ್ದು, ಅಪ್ಪ ಅಮ್ಮ ಇಟ್ಟ ಹೆಸರು ಈಗ ವೃದ್ಧಾಪ್ಯ ಪಿಂಚಣಿಯ ಕಾಗದದಲ್ಲಿ ಮಾತ್ರ ಉಸಿರಾಡುತ್ತಿದೆ — ಮುಚ್ಚಮ್ಮ ಅದನ್ನ, ಅಂತ ಬಾಯಿಗೆ ಬಂತು, ನುಂಗಿಕೊಂಡ, ಸೈಕಲ್ ಅಂಗಡಿಯ ಮೇಲಿನ ಈ ಕೋಣೆಯಲ್ಲಿ ಕೂತ ಒಂಬತ್ತು ಜನರಲ್ಲಿ ಎಂಟು ಮಂದಿ ಮೊಮ್ಮಕ್ಕಳ ವಯಸ್ಸಿನವರು, ಎಪ್ಪತ್ತೊಂದರ ಮುದುಕ ಬಾಯಿ ಬಿಟ್ಟರೆ ಸಾಕು ಕಿಸಕ್ಕನೆ ನಗುತ್ತಾರೆ, ನಗಲಿ, ಮೊದಲ ವಾರ ಇವನೂ ನಕ್ಕಿದ್ದ, ಸ್ಮಾರ್ಟ್ ಕಾಂಟ್ರಾಕ್ಟ್ ಅಂದರೆ ರಸ್ತೆಗೆ ಡಾಂಬರು ಹಾಕುವ ಗುತ್ತಿಗೆ ಇರಬೇಕು ಅಂದುಕೊಂಡು ಬಂದವನು, ಟೀಚರಮ್ಮ ಹೇಳಿದ್ದಳು, ಇಲ್ಲ ತಾತ, ಇದು ಕರಾರು, ಕಾಗದದಲ್ಲಲ್ಲ ಪ್ರೋಗ್ರಾಮಿನಲ್ಲಿ ಬರೆಯೋದು, ಬರೆದು ಬ್ಲಾಕ್‌ಚೈನ್ ಅನ್ನೋ ಸರಪಳಿಗೆ ಏರಿಸಿದ್ರೆ ಸಾವಿರಾರು ಕಂಪ್ಯೂಟರಿನಲ್ಲಿ ಒಂದೇ ಥರ ಕೂರತ್ತೆ, ಆಮೇಲೆ ನಾನೂ ತಿದ್ದೋ ಹಾಗಿಲ್ಲ ನೀವೂ ತಿದ್ದೋ ಹಾಗಿಲ್ಲ. ತಿದ್ದೋ ಹಾಗಿಲ್ಲ ಅನ್ನುವಾಗ ಅವಳ ಮುಖ ಹೊಸ ಪಾತ್ರೆ ತೋರಿಸುವವರ ಹಾಗೆ ಹೊಳೆದಿತ್ತು. ಚಕ್ರಪ್ಪನ ಕಾಲುವೆಯ ನೀರು ಕುಡಿಯುವ ಹಣ್ಣಿನ ತೋಟಗಳು ಆರು, ಆರು ಯಜಮಾನರು, ಒಬ್ಬರ ಕಂಡರೆ ಒಬ್ಬರಿಗೆ ಆಗದು, ನೀರಿನ ಸಂಘದ ಸಭೆ ಅಂದರೆ ಕುರ್ಚಿಗಳು ಹಾರುವ ದಿನ, ಚಕ್ರಪ್ಪ ಗೇಟು ಹತ್ತು ನಿಮಿಷ ತಡ ಮಾಡ್ದ, ಇಪ್ಪತ್ತು ನಿಮಿಷ ತಡ ಮಾಡ್ದ, ಮೇಲಿನ ತೋಟದವನ ಹತ್ರ ಏನೋ ತಿಂದಿದಾನೆ, ಇದೇ ಪುರಾಣ, ಕೊನೆಗೆ ಅಧ್ಯಕ್ಷ ಎದ್ದು ನಿಂತು ಮನುಷ್ಯನ ಕೈಯೇ ಬೇಡ ಅಂದ, ಮೋಟಾರ್ ಕೂರಿಸಿ, ಕರಾರು ಬರೆಸಿ, ನಾಲ್ಕು ಗಂಟೆ ಅಂದ್ರೆ ನಾಲ್ಕು ಗಂಟೆ. ನಡುವೆ ತಡೆಯೋಕೆ ಒಂದು ಗುಂಡಿ ಇಡೋಣ್ವಾ ಅಂತ ಟೀಚರಮ್ಮ ಕೇಳಿದ್ದಕ್ಕೆ ಆರೂ ಜನ ಜೀವಮಾನದಲ್ಲಿ ಮೊದಲ ಸಲ ಒಟ್ಟಾಗಿ ಕೂಗಿದ್ದರು, ಬೇಡ, ಆ ಗುಂಡಿ ಯಾರ ಕೈಲಿರತ್ತೋ ಅವನೇ ಕಳ್ಳ.

ಬರೆಯಲು ಗೇಟು ಬಲ್ಲವನೊಬ್ಬ ಬೇಕಿತ್ತು, ಕರೆದರು, ಇವನಿಗೆ ಏನ್ ಅರ್ಥ ಆಗತ್ತೆ ಅಂತ ಅಧ್ಯಕ್ಷ ಎದುರಿಗೇ ಅಂದ, ಆ ಒಂದು ಮಾತಿಗೇ ಚಕ್ರಪ್ಪ ನೋಟ್‌ಬುಕ್ ಕೊಂಡು ಬಂದು ಕೂತದ್ದು, ಮೂರು ತಿಂಗಳಾಯಿತು, ಒಂದೊಂದು ವಿಷಯಕ್ಕೆ ಹೆಸರಿಟ್ಟ ಒಂದೊಂದು ಡಬ್ಬಿ, ಡಬ್ಬಿಯೊಳಗೆ ಅಂಕಿ, ಆಮೇಲೆ ಷರತ್ತು, ಇದು ನಿಜವಾಗಿದ್ದರೆ ಮುಂದಕ್ಕೆ, ಸುಳ್ಳಾದರೆ ಅಲ್ಲೇ ನಿಲ್ಲು, ಅಷ್ಟೇ ತಾನೇ, ಗೇಟಿನ ಕೆಲಸವೂ ಅಷ್ಟೇ. ತಾತ, ಗೇಟು ತೆರೆಯೋ ಮುಂಚೆ ಏನೇನು ನೋಡ್ತಿದ್ರಿ ಹೇಳಿ, ನಾನು ಷರತ್ತು ಮಾಡ್ತೀನಿ ಅಂದಳು, ಇವನು ಬೆರಳು ಮಡಚಿ ಹೇಳಿದ, ಇವತ್ತು ಯಾರ ಸರದಿ, ಗಂಟೆ ನಾಲ್ಕಾಯಿತಾ, ನೀರಿನ ಮಟ್ಟ ಗೀಟು ಮುಟ್ಟಿದೆಯಾ, ಮೂರು, ಅಷ್ಟೇನಾ, ಅಷ್ಟೇ ಕಣಮ್ಮ, ಇದೇನು ದೊಡ್ಡ ವಿದ್ಯೆಯಾ. ಕೊನೆಯ ಸಾಲು ಅವನ ಬೆರಳಲ್ಲೇ ಟೈಪ್ ಹೊಡೆಸಿದಳು, ಎದೆ ಉಬ್ಬಿತ್ತು, ಹತ್ತು ದಿನದ ಹಿಂದೆ ಏರಿಸಿಯೂ ಆಯಿತು, ಇವತ್ತು ಮೊದಲ ಸರದಿ, ಅಧ್ಯಕ್ಷನದೇ, ನಾಲ್ಕಕ್ಕೆ ಅವನು ತನ್ನ ಫೋನಿನಲ್ಲಿ ಒತ್ತುತ್ತಾನೆ, ಕರಾರು ಮೂರನ್ನೂ ನೋಡುತ್ತದೆ, ಗೇಟು ತಾನೇ ಏಳುತ್ತದೆ — ಮುಂದಿನ ಸಾಲಿನ ಹುಡುಗಿ ಪೆನ್ನು ಕಚ್ಚುತ್ತಿದ್ದಾಳೆ, ಗೋಡೆ ಗಡಿಯಾರದಲ್ಲಿ ಮೂರೂ ಇಪ್ಪತ್ತೈದು, ಟೀಚರಮ್ಮ ಏನೋ ಬರೆಯಲು ಹೇಳುತ್ತಿದ್ದಾಳೆ, ನಿಮಗೆ ಚೆನ್ನಾಗಿ ಗೊತ್ತಿರೋ ಒಂದು ಕೆಲಸ ತಗೊಳ್ಳಿ, ಅದ್ರಲ್ಲಿ ನಿಮ್ಮ ಕೈ, ಕಣ್ಣು ಮಾಡೋದನ್ನೆಲ್ಲ ಬರೀರಿ, ಒಂದೂ ಬಿಡಬೇಡಿ, ನೀವು ಬಿಟ್ಟಿದ್ದನ್ನ ಯಂತ್ರ ಊಹೆ ಮಾಡಲ್ಲ, ಅದಕ್ಕೆ ಬರೆಯದೇ ಇರೋದು ಲೋಕದಲ್ಲೇ ಇಲ್ಲ. ಚಕ್ರಪ್ಪ ಬರೆದ, ಬೀಗ ತೆಗೆದೆ, ಚಕ್ರಕ್ಕೆ ಎಣ್ಣೆ ಬಿಟ್ಟೆ, ಅಳತೆಕೋಲು ನೋಡಿದೆ, ಗಡಿಯಾರ ನೋಡಿದೆ, ರಸ್ತೆ ಕಡೆ ತಿರುಗಿ ನೋಡಿದೆ — ರಸ್ತೆ ಕಡೆ ಯಾಕೆ ನೋಡಿದೆ, ಪೆನ್ನು ಅಲ್ಲೇ ನಿಂತಿತು, ಯಾಕೆ ನೋಡುತ್ತಿದ್ದೆ, ದೂರದಲ್ಲಿ ರಸ್ತೆಯ ಕಂಬಿ, ಕಂಬಿಯ ಮೇಲೆ ಕೆಂಪು ಟವೆಲ್ಲು, ಕಾಲುವೆ ರಸ್ತೆಯ ಅಡಿ ಹಾಯುವ ದೊಡ್ಡ ಕೊಳವೆ, ಕೊಳವೆಯ ಒಳಗೆ ಜಾಲರಿ, ನೀರು ಬಿಡುವ ದಿನ ಮಧ್ಯಾಹ್ನ ಒಳಗೆ ಬಗ್ಗಿ ಹೋಗಿ ಜಾಲರಿಗೆ ಸಿಕ್ಕಿದ ಕಸಕಡ್ಡಿ ಕೀಳುವವನು ತನ್ನ ಮೈದುನ, ಹೆಂಡತಿಯ ಒಬ್ಬನೇ ತಮ್ಮ, ಮಾತು ಬಂದರೂ ಎರಡು ಕಿವಿಯೂ ಕೇಳದವನು, ಒಳಗಿದ್ದೇನೆ ಅನ್ನುವುದಕ್ಕೆ ಆ ಟವೆಲ್ಲೇ ಅವನ ಬಾಯಿ, ಅದು ಕಂಬಿಯಿಂದ ಇಳಿಯುವವರೆಗೂ ಚಕ್ರಕ್ಕೆ ಕೈ ಹಚ್ಚಿದವನಲ್ಲ, ಆ ಹತ್ತು ನಿಮಿಷ, ಆ ಇಪ್ಪತ್ತು ನಿಮಿಷ — ಅಯ್ಯೋ ದೇವರೇ, ತಡ ಅಂದರೆ ಅದೇ, ಅದನ್ನೇ ಕಿತ್ತು ಹಾಕಿದೆ, ನನ್ನ ಕೈಯಾರೆ, ರೆಪ್ಪೆ ಬಡಿದದ್ದನ್ನು ಯಾರಾದರೂ ಲೆಕ್ಕ ಒಪ್ಪಿಸುತ್ತಾರಾ, ಹಾಗೆ ಬಾಯಿಗೆ ಬರಲೇ ಇಲ್ಲ.

ಫೋನಿನಲ್ಲಿ ಹೆಂಡತಿ, ಏನ್ರೀ ಇಷ್ಟೊತ್ತಲ್ಲಿ, ನಿನ್ನ ತಮ್ಮ ಎಲ್ಲಿ, ಊಟ ಮಾಡಿ ಆಗ್ಲೇ ಹೋದ, ನೀರು ಬಿಡೋ ದಿನ ಅಲ್ವಾ, ಅವನ ಫೋನು, ಇಲ್ಲೇ ಗೂಡಲ್ಲಿ ಬಿದ್ದಿದೆ, ಅದನ್ನಿಟ್ಕೊಂಡು ಅವನೇನ್ ಮಾಡ್ತಾನೆ, ಯಾಕ್ರೀ, ನಿಮ್ಮ ಉಸಿರು ಯಾಕೆ ಹಂಗೆ ಬರ್ತಿದೆ, ಏನಿಲ್ಲ ಇಡು, ಏನಿಲ್ಲ ಅಂದ್ರೇನು, ರೀ — ಟೀಚರಮ್ಮನ ಸ್ಕೂಟರಿನ ಹಿಂದೆ ಕೂತದ್ದು ಯಾವಾಗ, ಮೆಟ್ಟಿಲು ಇಳಿದ ನೆನಪಿಲ್ಲ, ಗಾಳಿ ಕಣ್ಣಿಗೆ ಹೊಡೆಯುತ್ತಿದೆ, ನಿಲ್ಲಿಸೋಕೆ ಆಗಲ್ವೇನಮ್ಮ, ನೀನೇ ಬರೆದದ್ದಲ್ವಾ, ಬರೆದಿದ್ದು ನಾನೇ ತಾತ, ಆದ್ರೆ ಈಗ ನಂದಲ್ಲ ಅದು, ಯಾರದ್ದೂ ಅಲ್ಲ, ಮೋಟಾರಿನ ಬ್ಯಾಟರಿ ಕಿತ್ತರೆ, ಆ ಪೆಟ್ಟಿಗೆಗೆ ಆರು ಬೀಗ ತಾತ, ಆರು ಮನೇಲಿ ಆರು ಬೀಗದಕೈ, ಒತ್ತೋರನ್ನೇ ತಡೀಬೇಕು, ಅವರಿಗೆ ಮಾಡಿ ಫೋನು. ಅಧ್ಯಕ್ಷ ಎತ್ತಿದ, ಏನಪ್ಪಾ ಚಕ್ರಪ್ಪ, ಮೊದಲನೇ ದಿನವೇ ಶುರು ಹಚ್ಕೊಂಡ್ಯಾ, ಮೈದುನ ಒಳಗಿದಾನೆ, ನಿನ್ನ ತಡದ ಕಥೆ ಮೂವತ್ತು ವರ್ಷದಿಂದ ಕೇಳ್ತಾ ಇದೀನಿ, ಕಥೆ ಅಲ್ಲ ಸ್ವಾಮಿ ನಿಮ್ಮ ಕಾಲಿಗೆ ಬೀಳ್ತೀನಿ, ಕಣ್ಣಾರೆ ಕಂಡ್ಯಾ, ಇಲ್ಲ, ದಾರೀಲಿದೀನಿ, ಕಾಣದೇನೇ ಹೇಳ್ತಿದೀಯಲ್ಲಯ್ಯಾ, ಉಳಿದ ಐದೂ ತೋಟದವರು ಫೋನ್ ಹಿಡ್ಕೊಂಡು ಕೂತಿದಾರೆ, ಒಂದು ನಿಮಿಷ ತಡ ಆದ್ರೂ ಈ ಸಲ ನಾನೇ ಕಳ್ಳ, ಒಂದು ಕೆಲಸ ಮಾಡು, ಅವನು ಒಳಗೆ ಹೋಗೋವಾಗ ಹಾಕೋ ಆ ಕೆಂಪು ಟವೆಲ್ ಕಂಬಿ ಮೇಲೆ ಇದ್ರೆ ಒಂದು ಫೋಟೋ ತೆಗೆದು ಕಳಿಸು, ಅವರ ಮುಖಕ್ಕೆ ಹಿಡೀತೀನಿ, ಒತ್ತಲ್ಲ, ಟವೆಲ್ ಇಲ್ಲ ಅಂದ್ರೆ ನಾಲ್ಕು ಅಂದ್ರೆ ನಾಲ್ಕೇ. ಅಬ್ಬ, ಅಷ್ಟೇ ತಾನೇ, ಟವೆಲ್ಲು ಇದ್ದೇ ಇರುತ್ತದೆ, ಮೂವತ್ತು ವರ್ಷದಲ್ಲಿ ಒಂದು ದಿನ ತಪ್ಪಿಲ್ಲ, ಹರಿದರೆ ಅಕ್ಕ ಹೊಸದು ಕೊಡಿಸುತ್ತಾಳೆ, ಕೆಂಪೇ ಬೇಕು ಅಂತ ಹಟ ಅವನದು, ಇನ್ನು ಜೋರಾಗಿ ಓಡಿಸಮ್ಮ, ಎದುರಿಗೆ ಹಾಲಿನ ಲಾರಿ, ಮೂರೂ ಐವತ್ತೊಂದು, ಅವನ ಹತ್ತಿರ ಗಡಿಯಾರವೂ ಇಲ್ಲ, ನಾನು ಹೊರಗೆ ಬರೋ ತನಕ ನೀರು ಬರಲ್ಲ ಭಾವ ಅಂತ ಎದೆ ತಟ್ಟಿಕೊಳ್ಳುವವನು, ಅವನ ಲೋಕದಲ್ಲಿ ನೀರಿಗೂ ಕಣ್ಣಿದೆ.

ರಸ್ತೆಯ ತಿರುವು, ಕಂಬಿ, ಸ್ಕೂಟರು ನಿಲ್ಲುವ ಮೊದಲೇ ಕಾಲೂರಿ ಮುಗ್ಗರಿಸಿದ, ಮಂಡಿ ತರಚಿತು, ಫೋನು ಕೈಯಲ್ಲೇ ಇದೆ, ಎತ್ತಿ ಹಿಡಿದ, ಫೋನಿನ ಗಾಜಿನೊಳಗೆ ಕಂಬಿ, ಬರೀ ಕಂಬಿ. ಈ ತುದಿಯಿಂದ ಆ ತುದಿಗೆ ಬರೀ ಕಂಬಿ, ಕೆಳಗೆ ಬಿದ್ದಿದೆಯಾ, ಇಲ್ಲ, ಗಾಳಿಗೆ ಹಾರಿ ಬೇಲಿಗೆ ಸಿಕ್ಕಿತಾ, ಇಲ್ಲ, ಹಾಗಾದರೆ ಹೊರಗೆ ಬಂದು ಟವೆಲ್ಲು ಹೆಗಲಿಗೆ ಹಾಕಿಕೊಂಡು ಮನೆಗೆ ಹೋದನೇ, ದಾರಿಯಲ್ಲಿ ಕಾಣಲಿಲ್ಲ, ಇನ್ನೊಂದು ದಾರಿ ಇಲ್ಲ, ಟೀಚರಮ್ಮ ಕಾಲುವೆಗೆ ಇಳಿದು ಕೊಳವೆಯ ಬಾಯಿಗೆ ಬಗ್ಗಿ ಮಾಮಾ, ಮಾಮಾ ಅಂತ ಕೂಗುತ್ತಿದ್ದಾಳೆ, ಕಿವುಡನಿಗೆ, ಕೂಗು ಒಳಗೆ ಹೋಗಿ ತಿರುವಿಗೆ ಬಡಿದು ಅವಳಿಗೇ ವಾಪಸು ಬರುತ್ತಿದೆ, ಕತ್ತಲು ತಾತ, ತಿರುವಿನಾಚೆ ಏನೂ ಕಾಣ್ತಿಲ್ಲ — ಹೋದ ವಾರ ತಟ್ಟೆಯ ಮುಂದೆ ಕೂತು ಅವನೇ ನಗಾಡಿದ್ದು ಈಗ ಕಿವಿಯಲ್ಲಿ, ಅಲ್ಲಾ ಭಾವ, ಇನ್ಮೇಲೆ ಗೇಟಿನ ಹತ್ರ ನೀವಿರಲ್ಲ, ಯಾರೂ ಇರಲ್ಲ, ನೋಡೋರೇ ಇಲ್ಲ ಅಂದ್ಮೇಲೆ ಟವೆಲ್ ಯಾರಿಗೆ ಹಾಕ್ಲಿ, ನೀವೇ ಬರೆಸಿದ ಯಂತ್ರ ಅಲ್ವಾ, ನಾನು ಒಳಗಿರೋದು ಅದಕ್ಕೇ ಗೊತ್ತಿರತ್ತೆ, ಸೊಂಟಕ್ಕೇ ಕಟ್ಕೋತೀನಿ ಬಿಡಿ, ಮತ್ತು ಇವನು ನಕ್ಕಿದ್ದ, ಇನ್ನೊಂದು ತುತ್ತು ಕಲಸುತ್ತಾ ನಕ್ಕಿದ್ದ, ಹೌದಪ್ಪಾ ನೀನೂ ಈಗ ಸ್ಮಾರ್ಟ್ ಆದೆ ಅಂತ. ಅಧ್ಯಕ್ಷನ ದನಿ ಫೋನಿನೊಳಗಿಂದ, ಇದ್ಯಾ ಇಲ್ವಾ, ಒಂದು ಮಾತು ಹೇಳು, ಇದ್ಯಾ, ಇದಾನೆ ಸ್ವಾಮಿ ಒಳಗೇ ಇದಾನೆ, ಅವನಲ್ಲಯ್ಯಾ, ಟವೆಲ್ಲು, ಫೋಟೋ ಎಲ್ಲಿ, ಅವರೆಲ್ಲ ಕೇಳ್ತಿದಾರೆ, ಮೂರೂ ಐವತ್ತೊಂಬತ್ತಾಯ್ತು — ಚಕ್ರಪ್ಪನ ಒಂದು ಕೈ ಕಾಲುವೆಯ ಕಡೆ, ಬಾಮ್ಮಾ ಮೇಲೆ ಬಾ ಅಂತ ಟೀಚರಮ್ಮನ ಕಡೆ, ಇನ್ನೊಂದು ಕೈಯಲ್ಲಿ ಫೋನು, ಮೇಲುಗಡೆ ದೂರದಲ್ಲಿ ಗೇಟಿನ ಕಡೆಯಿಂದ ಕಬ್ಬಿಣ ಕಬ್ಬಿಣಕ್ಕೆ ಉಜ್ಜಿದ ಸದ್ದು, ಎಣ್ಣೆ ಬಿಟ್ಟಿಲ್ಲ ಯಾರೂ, ಮತ್ತು ಕಂಬಿ, ಬಿಸಿಲಿಗೆ ಬಣ್ಣ ಎದ್ದ ಕಂಬಿ, ಮೂವತ್ತು ವರ್ಷ ಟವೆಲ್ಲು ಉಜ್ಜಿ ಉಜ್ಜಿ ನುಣುಪಾದ ಒಂದು ಗೇಣು ಜಾಗ, ಅದರ ಮೇಲೆ ಏನೂ ಇಲ್ಲ, ಕಂಬಿ, ಬರೀ ಕಂಬಿ