ಯಾರಿಗೆ ಯಾರು ಜೋಡಿ

ಕಡಲಾಳಕ್ಕೆ ಮುಳುಗು ಹಾಕುವ ನಮ್ಮ ಸಂಘದಲ್ಲಿ ಪ್ರವಾಸದ ಯೋಜನೆ ಹಾಕುವವಳು ನಾನು. ಬೇರೆ ಯಾರೂ ಆ ಕೆಲಸಕ್ಕೆ ಒಪ್ಪುವುದಿಲ್ಲ, ಒಪ್ಪಿದವರನ್ನು ನಾನು ನಂಬುವುದಿಲ್ಲ. ಉಬ್ಬರ ಇಳಿತದ ಪುಸ್ತಕ, ನಕ್ಷೆ, ಪೆನ್ಸಿಲ್ಲು, ಒಂದು ಕೆಟಲ್ ಚಹಾ, ಇಷ್ಟಿದ್ದರೆ ನನ್ನ ಅಡುಗೆಮನೆಯ ಮೇಜೇ ಕಚೇರಿ.

ಈ ಸಲ ಮಾರ್ಚಿನಲ್ಲಿ ಮಲ್ ದ್ವೀಪದ ಜಲಸಂಧಿಗೆ ಹೋಗುವುದೆಂದು ತೀರ್ಮಾನವಾಗಿತ್ತು. ಅಲ್ಲಿ ತಳದಲ್ಲಿ ಕಲ್ಲಿದ್ದಲು ಸಾಗಿಸುತ್ತಿದ್ದ ಹಳೆಯ ಹಡಗೊಂದು ಮುಳುಗಿ ಮಲಗಿದೆ. ಗ್ಲಾಸ್ಗೋದ ಜನ ವಸಂತ ಬಂತೆಂದು ಕೋಟು ಬಿಚ್ಚುವ ಹೊತ್ತಿಗೆ ನಮ್ಮ ಕಡಲು ವರ್ಷದಲ್ಲೇ ಅತಿ ತಣ್ಣಗಿರುತ್ತದೆ. ಆದರೆ ಏಪ್ರಿಲ್ ಬಂದರೆ ಪಾಚಿ ಎದ್ದು ನೀರು ಗಂಜಿಯಾಗುತ್ತದೆ. ಕಣ್ಣಿಗೆ ಕಾಣಬೇಕಾದರೆ ಮೈ ನಡುಗಬೇಕು, ಬೇರೆ ದಾರಿ ಇಲ್ಲ.

ಮೇಜಿನ ಸುತ್ತ ಮೂವರು ಕೂತಿದ್ದರು. ದೋಣಿಯ ಯಜಮಾನ ಮುರ್ಡೊ, ತೀರಿಹೋದ ನನ್ನ ಅಪ್ಪನ ಗೆಳೆಯ. ಆಸ್ಪತ್ರೆಯಲ್ಲಿ ನರ್ಸ್ ಆಗಿರುವ ಊನಾ. ನನ್ನ ಗಂಡ ಲಾಕ್ಲನ್. ಗ್ಲಾಸ್ಗೋದಿಂದ ಇನ್ನಿಬ್ಬರು ಅಣ್ಣ ತಮ್ಮಂದಿರು ಪ್ರವಾಸದ ದಿನ ನೇರ ದೋಣಿಗೇ ಬರುವವರಿದ್ದರು. ಹೊತ್ತು ಗೊತ್ತು ಮಾಡಿಯಾಗಿತ್ತು. ಜಲಸಂಧಿಯಲ್ಲಿ ಉಬ್ಬರಕ್ಕೂ ಇಳಿತಕ್ಕೂ ನಡುವೆ ನೀರು ಸ್ವಲ್ಪ ಹೊತ್ತು ಸುಮ್ಮನೆ ನಿಲ್ಲುತ್ತದೆ. ಅಷ್ಟರಲ್ಲೇ ಇಳಿದು, ನೋಡಿ, ಹತ್ತಬೇಕು. ಉಳಿದದ್ದು ಜೋಡಿ ಕಟ್ಟುವುದು, ನೀರಿಗೆ ಯಾರೂ ಒಬ್ಬರೇ ಇಳಿಯುವಂತಿಲ್ಲ.

"ನಾನು, ಲಾಕ್ಲನ್ ಒಂದು ಜೋಡಿ," ಎಂದು ಬರೆಯತೊಡಗಿದೆ.

"ಬೇಡ. ನಾನು ಊನಾ ಜೊತೆ ಇಳೀತೀನಿ," ಅಂದ ಲಾಕ್ಲನ್.

"ಅಯ್ಯೋ ದೇವರೇ! ಇನ್ನೂ ಚಹಾನೇ ಮುಗಿದಿಲ್ಲ, ಆಗಲೇ ಡೈವೋರ್ಸಾ?" ಅಂದರು ಮುರ್ಡೊ.

ನನಗೆ ನಗು ಬರಲಿಲ್ಲ. "ಇಷ್ಟು ವರ್ಷ ನನ್ನ ಜೊತೇನೇ ಇಳಿದಿದ್ದೀಯ. ಈಗ ನಾನೇನು ಕಚ್ತೀನಾ?"

"ಕಚ್ಚಲ್ಲ. ನೋಡ್ತೀಯ."

"ಏನನ್ನ?"

"ನನ್ನನ್ನ. ಬರೀ ನನ್ನನ್ನೇ."

"ಪುಣ್ಯವಂತ ಕಣೋ ನೀನು. ನಾನು ನೋಡೋದೇ ಇಲ್ಲ ಅಂತ ನಮ್ಮನೆಯವರು ದಿನಾ ಜಗಳ ತೆಗೀತಾರೆ," ಅಂದಳು ಊನಾ.

ಲಾಕ್ಲನ್ ಹೇಳಿದ್ದರ ಹಿಂದೆ ಏನಿದೆಯೆಂದು ಎಲ್ಲರಿಗೂ ಗೊತ್ತಿತ್ತು. ಹೋದ ಅಕ್ಟೋಬರಿನಲ್ಲಿ ಇದೇ ಹಡಗಿನ ಪಕ್ಕದಲ್ಲಿ ಸಿಲಿಂಡರಿನ ಗಾಳಿಯನ್ನು ಹದವಾಗಿ ಬಾಯಿಗೆ ಕೊಡುವ ಲಾಕ್ಲನ್ನನ ರೆಗ್ಯುಲೇಟರಿನೊಳಗೆ ಮಂಜುಗಟ್ಟಿತು. ಸಿಲಿಂಡರಿನ ಗಾಳಿಯೆಲ್ಲ ಭುಸುಗುಟ್ಟುತ್ತ ಗುಳ್ಳೆಯಾಗಿ ಹೊರಟುಹೋಯಿತು. ಚಳಿನೀರಿನಲ್ಲಿ ಇದು ಆಗುವಂಥದ್ದೇ. ನನ್ನ ಬಳಿಯಿದ್ದ ಇನ್ನೊಂದು ಬಾಯಿಕೊಳವೆಯನ್ನು ಅವನಿಗೆ ಕೊಟ್ಟೆ, ಇಬ್ಬರೂ ಒಂದೇ ಸಿಲಿಂಡರಿನಿಂದ ಉಸಿರಾಡುತ್ತ ಮೇಲೆ ಬಂದೆವು. ಆ ಸಂಜೆ ಅವನು ಎರಡು ತಟ್ಟೆ ಹುರಿದ ಮೀನು ತಿಂದ. ನನಗೆ ತುತ್ತು ಇಳಿಯಲಿಲ್ಲ. ಅಂದಿನಿಂದ ಅವನು ಸ್ನಾನಕ್ಕೆ ಹೋದರೂ ಬಾಗಿಲಾಚೆ ನಿಂತು ನೀರಿನ ಸದ್ದು ಕೇಳುತ್ತೇನೆ. ಅವನು ಸತ್ತುಹೋಗುತ್ತಾನೆಂಬ ಹೆದರಿಕೆ ನನಗೆ.

"ಸರಿ. ಶನಿವಾರ ದೋಣಿಕಟ್ಟೆ ಹತ್ರ ನಾವಿಬ್ಬರೇ ಇಳಿಯೋಣ. ಆಮೇಲೂ ಬೇಡ ಅನ್ನಿಸಿದ್ರೆ ಹೇಳು," ಅಂದೆ.

ಶನಿವಾರ ಇಳಿದೆವು. ಕಟ್ಟೆಯ ಕೆಳಗೆ ಆಳವಿಲ್ಲ, ಮಕ್ಕಳಿಗೆ ಕಲಿಸುವ ಜಾಗ. ಲಾಕ್ಲನ್ ಹಳೆಯ ಟೈರಿನೊಳಗೆ ಅಡಗಿದ್ದ ದೊಡ್ಡ ಸಿಗಡಿಯತ್ತ ಬೆರಳು ತೋರಿಸಿದ. ನಾನು ಅವನ ಗುಳ್ಳೆ ಸರಿಯಾಗಿ ಬರುತ್ತಿದೆಯೇ ಎಂದು ನೋಡಿದೆ. ಅವನು ತಿರುಗಿದಾಗೆಲ್ಲ ತಿರುಗಿದೆ. ಕೊನೆಗೆ ಅವನು, ಗಾಳಿ ಎಷ್ಟಿದೆ ಎಂದು ಕೈಸನ್ನೆಯಲ್ಲಿ ಕೇಳಿದ. ನನ್ನ ಗಾಳಿಮಾಪಕದ ಮುಳ್ಳು ನೋಡಿಕೊಂಡೆ. ಕೆಂಪು ಗೆರೆಗೆ ತಾಗುವುದೊಂದು ಬಾಕಿ. ಇಳಿದ ಮೇಲೆ ಒಮ್ಮೆಯೂ ಅದರ ಕಡೆ ಕಣ್ಣು ಹಾಯಿಸಿರಲಿಲ್ಲ. ಅವನದ್ದು ಇನ್ನೂ ಅರ್ಧ ಉಳಿದಿತ್ತು. ಹೆದರಿದವಳು ಉಸಿರಿನ ದುಂದುಗಾರ್ತಿ.

'ಮುಳ್ಳು ನೋಡಿ, ಮುಳ್ಳು ನೋಡಿ' ಎಂದು ಊರಿಗೆಲ್ಲ ಬಯ್ಯುವವಳು ನಾನು. ಆಚಾರ ಹೇಳುವುದು, ಬದನೆಕಾಯಿ ತಿನ್ನುವುದು.

ದಡಕ್ಕೆ ಬಂದ ಮೇಲೆ ಅವನು ಫ್ಲಾಸ್ಕಿನಿಂದ ಚಹಾ ಬಗ್ಗಿಸಿ ಕೊಟ್ಟ, ಅಷ್ಟೇ.

"ಬೈಯೋದಾದ್ರೆ ಬೈದುಬಿಡೋ!"

"ಯಾಕೆ? ನಿನಗೇ ಗೊತ್ತಲ್ಲ."

ಗೊತ್ತಿತ್ತು. ಆದರೂ ಜೋಡಿಗಳ ಪಟ್ಟಿ ತಿದ್ದಲಿಲ್ಲ. ಊನಾ ನನಗಿಂತ ಚೆನ್ನಾಗಿ ಮುಳುಗುತ್ತಾಳೆ, ಒಪ್ಪುತ್ತೇನೆ. ಆದರೆ ಅವಳು ಅವನ ಹೆಂಡತಿಯಲ್ಲ. ಅವನಿಗೆ ಏನಾದರೂ ಆದರೆ ನಾನು ಪಕ್ಕದಲ್ಲಿರಬೇಕು ಎಂಬುದೊಂದೇ ಹಠ. ಲಾಕ್ಲನ್ ಮತ್ತೆ ವಾದಕ್ಕೆ ಬರಲಿಲ್ಲ. ಊನಾ ಗ್ಲಾಸ್ಗೋದವರ ಜೊತೆ ಮೂರನೆಯವಳಾಗಲು ಒಪ್ಪಿದಳು.

ಜಲಸಂಧಿಗೆ ಹೋದ ದಿನ ಗಾಳಿ ಬೀಸುತ್ತಿರಲಿಲ್ಲ. ಮುಳುಗಿದ ಹಡಗಿನ ಮೇಲೆ ಹಗ್ಗ ಇಳಿಬಿಟ್ಟು ಅದರ ಮೇಲ್ತುದಿಯ ತೇಲುಗುಂಡನ್ನು ನೋಡುತ್ತ ಕಾದೆವು. ಸೆಳೆತಕ್ಕೆ ವಾಲಿದ್ದ ಗುಂಡು ಮೆಲ್ಲಗೆ ನೆಟ್ಟಗಾಯಿತು.

"ನೀರು ನಿಂತಿದೆ. ಮದುವೆ ದಿಬ್ಬಣದ ಥರ ಸಿಂಗಾರ ಮಾಡ್ಕೊಂಡು ಕೂರ್ಬೇಡಿ, ಹೊರಡಿ," ಎಂದು ಮುರ್ಡೊ ಕೂಗಿದರು.

ಇಳಿಯುವ ಮುಂಚೆ ಜೋಡಿಯವರು ಒಬ್ಬರ ಸಾಮಾನನ್ನು ಇನ್ನೊಬ್ಬರು ಮುಟ್ಟಿ ನೋಡಬೇಕು. ಲಾಕ್ಲನ್ನನ ಸಿಲಿಂಡರಿನ ವಾಲ್ವು ನೋಡಿದೆ, ತೆರೆದಿತ್ತು. ಅದನ್ನು ಬೆನ್ನಿಗೆ ಬಿಗಿದ ಪಟ್ಟಿ ಎಳೆದು ನೋಡಿದೆ. ಮತ್ತೆ ವಾಲ್ವು ನೋಡಿದೆ. ಇನ್ನೊಮ್ಮೆ ನೋಡಲು ಕೈ ಚಾಚಿದಾಗ ಅವನು ನನ್ನ ಬೆನ್ನಹಿಂದೆ ಕೈ ಹಾಕಿ ನನ್ನ ವಾಲ್ವನ್ನು ತಿರುಗಿಸಿದ. ಕೊಳವೆಗೆ ಗಾಳಿ ನುಗ್ಗಿದ ಸದ್ದು ಕೇಳಿಸಿತು. ಅಲ್ಲಿಯವರೆಗೂ ಅದು ಮುಚ್ಚಿಯೇ ಇತ್ತು.

ಅವನು ನನ್ನ ಮುಖ ನೋಡಿದ. ಕೆಳಗೆ ಅವನಿಗೆ ಏನೂ ಆಗದೆ ಇರಬಹುದು. ಆದರೆ ಹೀಗೆ ಇಳಿದರೆ ನನಗೆ ಆಗುತ್ತದೆ, ನನ್ನನ್ನು ಎತ್ತಲು ಹೋಗಿ ಅವನೂ ಉಳಿಯುವುದಿಲ್ಲ. ಅದು ಆಗ ನಿಚ್ಚಳವಾಗಿ ಕಂಡಿತು.

"ನಾನು ಇಳಿಯಲ್ಲ," ಅಂದೆ.

ನಮ್ಮಲ್ಲೊಂದು ಕಟ್ಟಳೆಯಿದೆ. ಯಾರು ಬೇಕಾದರೂ, ಯಾವಾಗ ಬೇಕಾದರೂ ಇಳಿಯುವುದಿಲ್ಲ ಅನ್ನಬಹುದು. ಯಾಕೆ ಅಂತ ಯಾರೂ ಕೇಳಬಾರದು, ಆಮೇಲೆ ಹೆಂಡದಂಗಡಿಯಲ್ಲೂ ಕೇಳಬಾರದು. ಗ್ಲಾಸ್ಗೋದ ತಮ್ಮ ಬಾಯಿ ತೆರೆದ, ಅಣ್ಣ ಮೊಣಕೈಯಿಂದ ತಿವಿದ. ಬಾಯಿ ಮುಚ್ಚಿತು.

"ಹಂಗಿದ್ರೆ ಮೇಲಿಂದ ಕಣ್ಣಿಡಮ್ಮ. ನಾಲ್ಕೂ ಜನರ ಮೇಲೆ," ಅಂದರು ಮುರ್ಡೊ.

ಊನಾ ಲಾಕ್ಲನ್ನನ ಪಕ್ಕಕ್ಕೆ ಬಂದು ಕೂತಳು. "ಹೆಂಗಿದಾನೋ ಹಂಗೇ ವಾಪಸ್ ತಂದು ಒಪ್ಪಿಸ್ತೀನಿ ಮಾರಾಯ್ತಿ. ಸುಧಾರಣೆ ಮಾತ್ರ ಕೇಳ್ಬೇಡ."

ಲಾಕ್ಲನ್ ಕೈಗವಸಿನ ಕೈಯಲ್ಲಿ ನನ್ನ ಕೆನ್ನೆ ತಟ್ಟಿದ. ದೋಣಿಯಂಚಿನಿಂದ ಹಿಂದಕ್ಕೆ ನೀರಿಗೆ ಬಿದ್ದ, ಹೋದ. ಉಳಿದ ಮೂವರೂ ಇಳಿದರು.

ಗುಳ್ಳೆಗಳು ಎರಡು ಕಡೆ ಏಳುತ್ತಿದ್ದವು. ನಾನು ಒಂದೇ ಕಡೆ ನೋಡುತ್ತಿದ್ದೆ. ಒಮ್ಮೆ ಗುಳ್ಳೆ ನಿಂತಂತೆ ಕಂಡು ಎದ್ದುನಿಂತೆ, ಮತ್ತೆ ಬಂತು. ಬಲವಂತವಾಗಿ ಇನ್ನೊಂದು ಕಡೆ ಕತ್ತು ತಿರುಗಿಸಿದೆ. ಆಗ ಕಂಡಿತು, ದೂರದಲ್ಲಿ ಕಿತ್ತಳೆ ಬಣ್ಣದ ಬಲೂನು, ನೀರೊಳಗಿದ್ದವರು ತಾವಿರುವ ಜಾಗ ತೋರಿಸಲು ಮೇಲೆ ಬಿಡುವಂಥದ್ದು. ಅಣ್ಣ ತಮ್ಮ ಹಗ್ಗ ಬಿಟ್ಟುಬಿಟ್ಟಿದ್ದರು. ಸೆಳೆತ ಮತ್ತೆ ಶುರುವಾಗಿ ಅವರನ್ನು ಒಯ್ಯುತ್ತಿತ್ತು, ಅದೂ ದ್ವೀಪಕ್ಕೆ ಜನರನ್ನು ಸಾಗಿಸುವ ದೊಡ್ಡ ಫೆರಿ ಬರುವ ದಾರಿಗೆ. ಭೂಶಿರದ ಆಚೆ ಅದರ ಹೊಗೆಗೊಳವೆ ಕಾಣಿಸಿಕೊಂಡಿತ್ತು.

"ಮುರ್ಡೊ, ಎಡಕ್ಕೆ! ಹುಡುಗರು ಅಲ್ಲಿದಾರೆ!"

ದೋಣಿ ಹಾರಿತು. ಮುರ್ಡೊ ವೈರ್‌ಲೆಸ್ಸಿನಲ್ಲಿ ಫೆರಿಯವರನ್ನು ಕೂಗಿದರು. ನಾನು ಕೊಕ್ಕೆಗೋಲು ಚಾಚಿ, ಬಲೂನಿನ ಪಕ್ಕ ಮೇಲೆ ಬಂದಿದ್ದ ತಮ್ಮನನ್ನು ಎಳೆದೆ, ಆಮೇಲೆ ಅಣ್ಣನನ್ನು. ಅವರ ಸೊಂಟದ ಸೀಸದ ಭಾರ ಬಿಚ್ಚಿದೆ, ಬೈದೆ, ಕಂಬಳಿ ಹೊದಿಸಿದೆ, ವಾಂತಿಗೆ ಬಕೆಟ್ಟು ಹಿಡಿದೆ. ಹಲ್ಲು ಕಟಕಟಿಸುತ್ತಿದ್ದ ತಮ್ಮನಿಗೆ ಚಹಾ ಕುಡಿಸುತ್ತಿದ್ದಾಗ ಫೆರಿ ಪಕ್ಕದಿಂದ ಹಾದುಹೋಯಿತು, ಅದರ ಅಲೆ ನಮ್ಮನ್ನೆಲ್ಲ ಒಮ್ಮೆ ಎತ್ತಿ ಇಳಿಸಿತು.

ವಾಪಸ್ ತಿರುಗಿದಾಗಲೇ ಲಾಕ್ಲನ್ ನೆನಪಾದದ್ದು. ತೇಲುಗುಂಡಿನ ಹತ್ತಿರ ಎರಡು ತಲೆ ತೇಲುತ್ತಿದ್ದವು. ಒಂದು ತಲೆಯ ಮೇಲೆ ಕೈಯಿತ್ತು, ಎಲ್ಲ ಸರಿಯಿದೆ ಅನ್ನುವ ಸನ್ನೆ. ಅವನು ಹಾಗೆ ಮೇಲೆ ಬರುವ ಗಳಿಗೆಯನ್ನು ನಾನು ಚಳಿಗಾಲವಿಡೀ ಕಾದಿದ್ದೆ.

ದೋಣಿ ಹತ್ತಿರ ಹೋಯಿತು. ಲಾಕ್ಲನ್ ಏಣಿ ಹಿಡಿದುಕೊಂಡು ಬಾಯಿಕೊಳವೆ ಉಗಿದ. "ಎಷ್ಟೊತ್ತಾಯ್ತು ಬಂದು! ನಾವು ಮೇಲೆ ಬಂದಿದ್ದು ನೋಡ್ಲಿಲ್ವಾ?"

"ಇಲ್ಲ," ಅಂದೆ. "ನಿನ್ನ ನೆನಪೇ ಇರ್ಲಿಲ್ಲ ಕಣೋ."

"ಸದ್ಯ!" ಅಂದ ಲಾಕ್ಲನ್.