ಚಾವಿ ಮುಟ್ಟದ ಅಮೃತೇಶ

ದೇವನೂರಿನ ಅಮೃತೇಶ ಆಡಿದ ಮಾತನ್ನು ಹಿಂದಕ್ಕೆ ತೆಗೆದುಕೊಂಡವನಲ್ಲ. ತಪ್ಪು ಮಾತಾಗಿದ್ದರಂತೂ ಇನ್ನೂ ಬಿಗಿಯಾಗಿ ಹಿಡಿಯುತ್ತಿದ್ದ. ಊರಿನ ನ್ಯಾಯಕ್ಕೆಲ್ಲ ಅವನೇ ಯಜಮಾನ, ಕೇಳಬೇಕೇ!

ಹೆಂಡತಿ ಶಿವರಂಜನಿ ವರ್ಷಗಟ್ಟಲೆ ರವಿಕೆ ಹೊಲಿದು ದುಡ್ಡು ಕೂಡಿಸಿದ್ದಳು. ನರಸೀಪುರದಲ್ಲಿ ಟೈಲರಿಂಗ್ ಅಂಗಡಿ ನೋಡಿ, ಮುಂಗಡ ತರುತ್ತೇವೆಂದು ಅಮೃತೇಶನೇ ಮಾಲೀಕರಿಗೆ ಮಾತು ಕೊಟ್ಟಿದ್ದ. ಇಬ್ಬರೂ ಆ ದುಡ್ಡನ್ನು ಬ್ಯಾಗಿನಲ್ಲಿಟ್ಟುಕೊಂಡು ಹೊರಟ ದಿನ ಕಪಿಲಾ ನದಿ ಉಕ್ಕಿ ರಸ್ತೆಗೇ ಬಂದಿದ್ದಳು. ಬಸ್ಸುಗಳೆಲ್ಲ ನಿಂತಿದ್ದವು. “ಬಸ್ಸಿನೋರ್ಗೆ ಗುಂಡಿಗೆ ಇಲ್ಲ ಕಣೇ,” ಎಂದು ಅಮೃತೇಶ ಕಾರು ನುಗ್ಗಿಸಿದ. ನಡುನೀರಲ್ಲಿ ಎಂಜಿನ್ ನಿಂತಿತು. “ಚಾವಿ ಮುಟ್ಬೇಡಿ, ದಮ್ಮಯ್ಯ!” ಎಂದು ಅವಳು ಕೂಗುತ್ತಿದ್ದಂತೆಯೇ ತಿರುಗಿಸಿದ. ಟಕ್ಕೆಂದಿತು. ಮತ್ತೆ ತಿರುಗಿಸಿದ.

ನೀರಿಳಿದ ಮೇಲೆ ಟ್ರ್ಯಾಕ್ಟರ್ ಕಾರನ್ನು ನಂಜನಗೂಡಿನ ಗ್ಯಾರೇಜಿಗೆ ಎಳೆದು ತಂದಿತು. ಮೇಸ್ತ್ರಿ ಮಂಟೇಸ್ವಾಮಿ ಬಾನೆಟ್ ಎತ್ತಿದ. “ನೀರಲ್ಲಿ ಚಾವಿ ತಿರುಗ್ಸಿದ್ರಾ ಸಾ? ತಿರುಗ್ಸಿದ್ರೆ ಒಳಗೆ ರಾಡು ಬಗ್ಗಿರ್ತದೆ. ಬಿಚ್ಚಿ ರಿಪೇರಿ ಮಾಡ್ಬೋದು. ಬಿಚ್ದೆ ಸ್ಟಾರ್ಟ್ ಮಾಡುದ್ರೆ ಎಂಜಿನ್ನೇ ಒಡ್ದೋಯ್ತದೆ, ಆಮೇಲೆ ಒಸಾದೇ ಗತಿ.”

ಪಕ್ಕದಲ್ಲಿ ದೇವನೂರಿನವರೇ ನಾಲ್ಕು ಜನ ಟೀ ಕುಡಿಯುತ್ತಿದ್ದರು. ಅವರೆದುರು ದಡ್ಡನಾಗುವುದುಂಟೇ? “ನಾನೇನ್ಲಾ ಮಗೂನಾ? ಮುಟ್ಟೇ ಇಲ್ಲ.”

ಶಿವರಂಜನಿ ಮುಂದೆ ಬಂದಳು. ಹೊಸ ಎಂಜಿನ್ ಅಂದರೆ ತನ್ನ ಅಂಗಡಿಯ ದುಡ್ಡಿಗೇ ಕೈ. “ತಿರುಗ್ಸಿದ್ರು ಕಣಣ್ಣಾ, ನಾನು ಪಕ್ಕದಲ್ಲೇ ಕೂತಿದ್ದೆ.”

ಮಂಟೇಸ್ವಾಮಿ ಇಬ್ಬರ ಮುಖವನ್ನೂ ನೋಡಿದ. “ಬಿಚ್ಚೇಬುಡಾಣ್ವಾ ಸಾ?”

ಹೂಂ ಅಂದರೆ ಎಂಜಿನ್ ಉಳಿಯುತ್ತದೆಂದು ಅಮೃತೇಶನಿಗೂ ಗೊತ್ತು. ಆದರೆ ನಾಲಿಗೆ ಅವನೊಬ್ಬನದೇ? ವಂಶದ್ದಲ್ಲವೇ! “ನಮ್ ವಂಸದಲ್ಲಿ ಆಡಿದ್ ಮಾತು ಇಂದಕ್ಕೋಗಿಲ್ಲ. ಸ್ಟಾರ್ಟ್ ಮಾಡ್ಲಾ!”

ಮಂಟೇಸ್ವಾಮಿ ನೀರು ಬಸಿದು, ಆಯಿಲ್ ಬದಲಿಸಿ ಚಾವಿ ತಿರುಗಿಸಿದ. ಎಂಜಿನ್ ಗುರುಗುಟ್ಟಿತು. ಅಮೃತೇಶನ ಕೈ ಮೀಸೆಗೆ ಹೋಯಿತು. ಅಷ್ಟರಲ್ಲಿ ಢಬ್ಬೆಂದು ರಾಡು ಎಂಜಿನ್ನಿನ ಪಕ್ಕೆ ಒಡೆದುಕೊಂಡು ಆಚೆ ಬಂತು. ಆಯಿಲೆಲ್ಲ ನೆಲದ ಪಾಲಾಯಿತು.

“ಒಸಾದೇ ಸಾ ಇನ್ನ.”

“ಸರಿ, ಆಕು. ಲೇ ರಂಜನಿ, ಆ ದುಡ್ಡು ತಗಿ.”

ಶಿವರಂಜನಿ ಬ್ಯಾಗನ್ನು ಕಂಕುಳಿಗೆ ಅವಚಿಕೊಂಡಳು. “ಇದನ್ನ ಅಂಗಡಿಯೋರ್ಗೆ ಕೊಡ್ತೀವಿ ಅಂತ ನೀವೇ ಮಾತು ಕೊಟ್ಟಿದ್ದೀರಿ. ನಿಮ್ ವಂಸದ ಮಾತು ಇಂದಕ್ಕೋದ್ರೆ ಇವ್ರೆಲ್ಲ ಏನಂದಾರು?”

ಟೀ ಕುಡಿಯುತ್ತಿದ್ದವರು ಲೋಟ ಕೆಳಗಿಟ್ಟು ಅಮೃತೇಶನನ್ನೇ ನೋಡಿದರು.

“ಔದೌದು,” ಎಂದ ಅಮೃತೇಶ. “ಮಾತು ಅಂದ್ರೆ ಮಾತು.”

ಅವಳು ಆಗಲೇ ನರಸೀಪುರದ ಬಸ್ಸಿಗೆ ಕೈ ಅಡ್ಡ ಹಾಕಿದ್ದಳು.